ತವುಡು ಕೊಟ್ಟು ಕೊಂಡ ಹೆಸರು

ನನ್ನ ಮೊದಲ ಎರಡು ಮಕ್ಕಳಿಗೆ ಹೆಸರಿರಲಿಲ್ಲ. ಹುಟ್ಟಿದವು, ಹಾಲು ಕುಡಿದವು, ನನ್ನ ಬೆರಳು ಹಿಡಿದವು, ಹೋದವು. ಮೊದಲನೆಯದು ಗಂಡು, ಎರಡನೆಯದು ಹೆಣ್ಣು. ಯಾರಾದರೂ ಆ ಮಾತು ಎತ್ತಿದರೆ ‘ಮೊದಲಿನದ್ದು’, ‘ಎರಡನೆಯದ್ದು’ ಎನ್ನುತ್ತಿದ್ದರು, ಹಟ್ಟಿಯ ಕರುಗಳ ಲೆಕ್ಕ ಹೇಳಿದ ಹಾಗೆ. ಅಲ್ಲ, ಕರುಗಳಿಗಾದರೂ ಹೆಸರಿತ್ತು. ನಮ್ಮ ಮನೆಯ ದನ ಕರು ಹಾಕಿದರೆ ಸಂಜೆಯೊಳಗೆ ಅದು ಕಪಿಲೆಯೋ ಕಾಳಿಯೋ ಆಗಿಬಿಡುತ್ತಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಆ ಭಾಗ್ಯ ಇರಲಿಲ್ಲ. ಇಷ್ಟು ವರ್ಷದ ಮೇಲೂ ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಅದು ಐವತ್ತರ ದಶಕದ ಕೊನೆ. ನಾನು ಸುಳ್ಯದ ಕಡೆಯವಳು, ಮದುವೆಯಾಗಿ ಕಾಣಿಯೂರಿನ ಹತ್ತಿರದ ಮನೆಗೆ ಬಂದವಳು. ಎರಡೂ ಕಡೆ ಅರೆಭಾಷೆಯೇ, ಎರಡೂ ಕಡೆ ಬೇಸಾಯವೇ. ಊರಲ್ಲೆಲ್ಲ ಹದಿನಾರನೆಯ ದಿನ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರು ಕರೆಯುತ್ತಿದ್ದರು. ನನ್ನ ಅತ್ತೆಯ ಕಟ್ಟಳೆ ಮಾತ್ರ ಬೇರೆ. ಮಗುವಿಗೆ ಮೊದಲ ಹಲ್ಲು ಮೂಡುವವರೆಗೆ ಆ ಮನೆಯಲ್ಲಿ ಹೆಸರಿಡುವ ಹಾಗಿಲ್ಲ.

“ಹೆಸರಿಟ್ಟರೆ ಕರೀಬೇಕಾಗ್ತದೆ. ಕರೆದರೆ ಕೇಳುದು ನಾವು ಮಾತ್ರ ಅಲ್ಲ,” ಎನ್ನುತ್ತಿದ್ದರು ಅತ್ತೆ. ಕೇಳಿಸಿಕೊಳ್ಳುವವರು ಇನ್ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಮಕ್ಕಳನ್ನು ಕೊಂಡುಹೋಗುವವನ ಹೆಸರನ್ನು ಅವರು ಎಂದೂ ಬಾಯಲ್ಲಿ ತರುತ್ತಿರಲಿಲ್ಲ.

ಅವರಿಗೆ ಉಳಿದದ್ದು ಒಬ್ಬನೇ ಮಗ, ನನ್ನ ಗಂಡ. ಗಂಡನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅತ್ತೆಯದ್ದನ್ನೂ ಬರೆಯುವುದಿಲ್ಲ. ನಮ್ಮ ಕಾಲದ ಹೆಂಗಸರು ಆ ಎರಡು ಹೆಸರನ್ನು ಹೇಳುತ್ತಿರಲಿಲ್ಲ, ಈ ಮುದಿ ವಯಸ್ಸಿನಲ್ಲಿ ನನಗೆ ಹೊಸ ಚಾಳಿ ಬೇಡ. ಗಂಡನ ಹೆಸರಿನ ಅರ್ಥ ಬೇಕಾದರೆ ಹೇಳುತ್ತೇನೆ: ಕಲ್ಲು. ಕಲ್ಲನ್ನು ಯಾರು ಕದಿಯುತ್ತಾರೆ? “ಕಲ್ಲು ಅಂತ ಕರೆದೆ, ಕಲ್ಲಿನ ಹಾಗೆ ಉಳಿದ. ಇನ್ನೆಂತ ಸಾಕ್ಷಿ ಬೇಕು ನಿಂಗೆ?” ಎಂದು ಅತ್ತೆ ಕೇಳುತ್ತಿದ್ದರು. ಸಾಕ್ಷಿ ಎದುರಿಗೇ ಕುಳಿತು ಗಂಜಿ ಉಣ್ಣುತ್ತಿತ್ತು.

ನನ್ನ ತವರಿನಲ್ಲಿ ಹೀಗಿರಲಿಲ್ಲ. ಅಲ್ಲಿ ಹೆಸರು ಎಂದರೆ ಸಡಗರ. ಅಮ್ಮನ ಅಮ್ಮ ನಮ್ಮೊಂದಿಗೇ ಇದ್ದಳು. ಭತ್ತ ಕುಟ್ಟುವಾಗ, ಹುರುಳಿ ಆರಿಸುವಾಗ ಅವಳ ಬಾಯಲ್ಲಿ ಊರವರ ಹೆಸರಿನ ಪುರಾಣವೇ. ಪೂವಕ್ಕ ಯಾಕೆ ಪೂವಕ್ಕ? ಗಟ್ಟದ ಮೇಲಿನವರ ಹೂವೇ ನಮ್ಮಲ್ಲಿ, ಮಲಯಾಳದವರಲ್ಲಿ ಪೂ. ಪೊನ್ನಪ್ಪನ ಪೊನ್ನು ಚಿನ್ನ. ಕುಂಞಿ ಎಂದರೆ ಚಿಕ್ಕದು, ಆದರೆ ಕುಂಞಣ್ಣ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದು ಮೀಸೆ ತಿರುವಿದರೂ ಕುಂಞಣ್ಣನೇ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ಒಂದಕ್ಕೆ ಸಾಕಮ್ಮ ಎಂದಿಟ್ಟರು, ಇಷ್ಟು ಸಾಕು ಎಂದು ದೇವರಿಗೆ ತಿಳಿಯಲಿ ಎಂದು. ದೇವರಿಗೆ ಕಿವಿ ಮಂದವೋ ಏನೋ, ಸಾಕಮ್ಮನ ಬೆನ್ನಿಗೆ ಮತ್ತೂ ಹೆಣ್ಣುಗಳೇ ಬಂದವು! ಬ್ಯಾರಿಗಳ ಮನೆಯ ಐಸಮ್ಮ ಅರಬರ ಕಡೆಯ ಆಯಿಶಾ, ನಮ್ಮ ಮಣ್ಣಿಗೆ ಇಳಿದ ಮೇಲೆ ಅಮ್ಮನನ್ನು ಸೇರಿಸಿಕೊಂಡಳು. ಪೊಡಿಯ ಎಂಬ ಹೆಸರೂ ಅವರಲ್ಲುಂಟು. ಪೊಡಿ ಎಂದರೆ ಹುಡಿ, ಹುಟ್ಟುವಾಗ ಚಿಟಿಕೆಯಷ್ಟೇ ಇದ್ದ ಮಗು. ಹೆಸರು ದೊಡ್ಡದಾದರೆ ಬದುಕು ದೊಡ್ಡದಾಗುತ್ತದೆ ಎಂದು ಅಜ್ಜಿ ನಂಬಿದವಳಲ್ಲ. “ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿ ಇಲ್ಲ,” ಎಂದು ನಗುತ್ತಿದ್ದಳು.

ಎಲ್ಲ ಹೆಸರೂ ಪ್ರೀತಿಯಿಂದ ಇಟ್ಟದ್ದಲ್ಲ, ಅದನ್ನೂ ಹೇಳಬೇಕು. ಗದ್ದೆಯ ಕೆಲಸದವರ ಮಕ್ಕಳು ಹುಟ್ಟಿದ ವಾರದ ಮೇಲೆ ಐತ, ಅಂಗಾರ, ಗುರುವ, ತುಕ್ರ, ಚನಿಯ. ಅವರು ದೇವರ ಹೆಸರಿಟ್ಟರೆ ಒಡೆಯರಿಗೆ ಮೈ ಉರಿಯುತ್ತಿತ್ತು. ಅದೇ ಆದಿತ್ಯವಾರ ನಮ್ಮಂಥ ಮನೆಯಲ್ಲಿ ಹುಟ್ಟಿದವನು ಐತಪ್ಪ. ಹುಟ್ಟಿದ ವಾರ ಒಂದೇ, ಬಾಲಕ್ಕೆ ಒಂದು ಅಪ್ಪ ಹೆಚ್ಚು. ಇದರಲ್ಲಿ ದೊಡ್ಡಸ್ತಿಕೆ ಎಂತದುಂಟು ಮಾರಾಯ್ರೆ, ನನಗಂತೂ ಇಂದಿಗೂ ಅರ್ಥವಾಗಿಲ್ಲ.

ಅಜ್ಜಿಯ ಹೆಸರು ಬೊಳ್ಳಮ್ಮ. ಬೊಳ್ಳಿ ಎಂದರೆ ಬೆಳ್ಳಿ. ಆ ಹೆಸರು ಹೊತ್ತು ಅವಳು ಸಿಡುಬು ದಾಟಿದಳು, ಚಿಕ್ಕ ಪ್ರಾಯದಲ್ಲಿ ಗಂಡನನ್ನು ಕಳಕೊಂಡೂ ಮಕ್ಕಳನ್ನು ಸಾಕಿದಳು, ಮೊಮ್ಮಕ್ಕಳ ಮಕ್ಕಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದಳು. ಆ ಹೆಸರಿಗೆ ಬದುಕುವುದು ಗೊತ್ತುಂಟು ಎಂದು ನನಗೆ ಅನಿಸುತ್ತಿತ್ತು.

ನನ್ನ ಎರಡನೆಯ ಮಗುವಿಗೆ ಜ್ವರ ಬಂದಾಗ ಪುತ್ತೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೆವು. ಚೀಟಿ ಬರೆಯುವವರು “ಮಗುವಿನ ಹೆಸರೆಂತ?” ಎಂದು ಕೇಳಿದರು. “ಹೆಸರಿಲ್ಲ,” ಎಂದೆ. ಅವರು ತಲೆಯೆತ್ತಿ ನೋಡಿದರು. “ಇಷ್ಟು ಸಮಯ ಆಗಿ ಹೆಸರಿಲ್ವಾ? ಮತ್ತೆ ಮನೇಲಿ ಎಂತ ಕರೀತೀರಿ?” ಎಂದರು. ಗಂಡ ನೆಲ ನೋಡಿದರು. ನಾಚಿಕೆಯಿಂದ ನನ್ನ ಮೈಯೆಲ್ಲ ಹಿಡಿಯಾಯಿತು. ಆ ಮಗು ಉಳಿಯಲಿಲ್ಲ.

ನಮ್ಮ ಕಡೆ ಸತ್ತವರನ್ನು ಹೆಸರು ಹಿಡಿದು ಕರೆದು ಅಳುತ್ತಾರೆ. ಹೆಸರು ಬಾಯಿಗೆ ಬಂದರೆ ಅದರ ಹಿಂದೆ ಅಳುವೂ ಬರುತ್ತದೆ. ಗುಡ್ಡೆಯ ಬದಿಯಲ್ಲಿ ಮಗುವನ್ನು ಮಣ್ಣು ಮಾಡಿ ಬಂದ ದಿನ ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಏನೆಂದು ಕರೆಯಲಿ? ಎರಡಕ್ಕೂ ನಾನು ಮನಸ್ಸಿನೊಳಗೆ ಒಂದೊಂದು ಹೆಸರಿಟ್ಟುಕೊಂಡಿದ್ದೆ. ಅದು ಗಂಟಲಿನವರೆಗೆ ಬಂತು, ಆಚೆಗೆ ಬರಲಿಲ್ಲ. ಅತ್ತೆ ಒಣ ಕಣ್ಣಿನಲ್ಲಿ ಅಂಗಳ ಗುಡಿಸುತ್ತ, “ಹೆಸರಿಲ್ಲದ್ದಕ್ಕೆ ಅಳ್ಲಿಕ್ಕಿಲ್ಲ. ಒಳಗೆ ಹೋಗು,” ಎಂದರು. ನಾನು ಒಳಗೆ ಹೋದೆ. ಹೋಗುವಾಗಲೇ ಗಟ್ಟಿ ಮಾಡಿಕೊಂಡೆ, ಇನ್ನೊಂದು ಹುಟ್ಟಿದರೆ ಅದು ಒಂದೇ ದಿನ ಬದುಕಲಿ, ನೂರು ವರ್ಷ ಬದುಕಲಿ, ಹೆಸರು ಹೊತ್ತೇ ಬದುಕಬೇಕು. ಯಾರು ಅಡ್ಡ ಬಂದರೂ ಸರಿ.

ಮೂರನೆಯದೂ ಹುಟ್ಟಿತು. ಹೆಣ್ಣು. ನೋಡಿದವರೆಲ್ಲ ಚಂದ ಉಂಟು ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗಂತೂ ಕಣ್ಣು ತೆಗೆಯಲಾಗಲಿಲ್ಲ. ಸೂತಕ ಕಳೆಯುವ ದಿನ ಹತ್ತಿರ ಬಂದಾಗ ನಾನು ಅತ್ತೆಯ ಮುಂದೆ ಹೋಗಿ ನಿಂತು, “ಈ ಸರ್ತಿ ಹದಿನಾರಕ್ಕೇ ಹೆಸರಿಡಬೇಕು. ಬೊಳ್ಳಮ್ಮ ಅಂತ,” ಎಂದೆ.

ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಬೆಳ್ಳಿಯಾ? ನಿಂಗೆ ತಲೆ ಸರಿ ಉಂಟಾ? ಕಳ್ಳ ಬರುವ ಮನೆಯಲ್ಲಿ ಬೆಳ್ಳಿ ಉಂಟು, ಬೆಳ್ಳಿ ಉಂಟು ಅಂತ ದಿನಾ ಕೂಗುದಾ?”

“ಮಣ್ಣು ಅಂತ ಇಟ್ಟರೂ ಬರುವವನು ಬರ್ತಾನೆ.”

“ಬಾಯಿ ಮುಚ್ಚು!” ಎಂದರು. ಸೌಟು ಕೆಳಗಿಟ್ಟು, “ಈ ಸರ್ತಿ ಹೆಸರೂ ಇಲ್ಲ, ಮಗುವೂ ನಮ್ಮದಲ್ಲ. ತವುಡಿಗೆ ಕೊಟ್ಟುಬಿಡುದು,” ಎಂದು ತೀರ್ಮಾನ ಹೇಳಿದರು.

ತವುಡಿಗೆ ಕೊಡುವುದು ಎಂದರೆ ಮಗುವನ್ನು ಮಾರುವ ಶಾಸ್ತ್ರ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಮಗುವನ್ನು ಮಕ್ಕಳು ಚೆನ್ನಾಗಿ ಬಾಳಿದ ಬೇರೊಂದು ಮನೆಯವರು ಒಂದು ತೆಂಗಿನ ಗೆರಟೆ ತುಂಬ ಅಕ್ಕಿತವುಡು ಕೊಟ್ಟು ಕೊಳ್ಳುತ್ತಾರೆ. ಎತ್ತಿಕೊಂಡು ತಮ್ಮ ಮನೆಗೆ ಹೋಗುತ್ತಾರೆ, ಆಮೇಲೆ ಸಾಕಲಿಕ್ಕೆಂದು ಹೆತ್ತವಳ ಕೈಗೇ ಕೊಡುತ್ತಾರೆ. ಮಗು ಬೆಳೆಯುವುದು ಇದೇ ಮನೆಯಲ್ಲಿ, ಆದರೆ ಅದು ಈ ಮನೆಯದಲ್ಲ. ಹುಡುಕಿಕೊಂಡು ಬಂದವನಿಗೆ ಇಲ್ಲಿ ಕೊಂಡುಹೋಗಲು ಏನೂ ಇಲ್ಲ.

ಕೊಳ್ಳಲಿಕ್ಕೆ ಅತ್ತೆ ಗೊತ್ತು ಮಾಡಿದ್ದು ತೋಡಿನ, ಅಂದರೆ ಸಣ್ಣ ಹಳ್ಳದ, ಆಚೆಯ ಬ್ಯಾರಿ ಮನೆಯ ಅಜ್ಜಿಯನ್ನು. ನಾವೆಲ್ಲ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು. ಅವರ ಗಂಡನಿಗೆ ಒಣಮೀನಿನ, ಕರಿಮೆಣಸಿನ ವ್ಯಾಪಾರ. ಹೆತ್ತ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗೆ ಇದ್ದರು. ಅತ್ತೆಗೂ ಉಮ್ಮನಿಗೂ ತುಳುವಿನಲ್ಲಿ ಮಾತು, ವಾರಕ್ಕೊಮ್ಮೆ ಜಗಳ, ಜಗಳದ ಮರುದಿನ ಎಲೆಯಡಿಕೆ.

ಆ ದಿನ ಬೆಳಿಗ್ಗೆ ಅಂಗಳದಲ್ಲಿ ಅಕ್ಕಿ ಕೇರುವ ಗೆರಸೆ ಇಟ್ಟು, ಅದರಲ್ಲಿ ಹಳೆಯ ಬಟ್ಟೆ ಹಾಸಿ ಮಗುವನ್ನು ಮಲಗಿಸಿದರು. ಉಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಬಂದರು. ಗೆರಟೆಯ ತವುಡನ್ನು ಅತ್ತೆಯ ಸೆರಗಿಗೆ ಸುರಿದರು. “ಇತ್ತೆ ಉಂದು ಎನ್ನ ಬಾಲೆ,” ಎಂದರು, ಇನ್ನು ಇದು ನನ್ನ ಮಗು ಎಂದು, ಅಂಗಳದ ಆಚೆಗೂ ಕೇಳುವ ಹಾಗೆ. ಮಗುವನ್ನು ಎತ್ತಿಕೊಂಡು ತೋಡು ದಾಟಿದರು. ಹಾಲು ಕೊಡಬೇಕಲ್ಲ, ನಾನೂ ಹಿಂದಿನಿಂದ ಹೋದೆ.

ಉಮ್ಮನ ಅಡುಗೆಕೋಣೆಯಲ್ಲಿ ಕೂತು ಹಾಲೂಡಿಸುವಾಗ ನನಗೆ ಥಟ್ಟನೆ ಹೊಳೆಯಿತು. ಅಲ್ಲ, ಇಷ್ಟು ಹೊತ್ತು ನನಗೆ ಬುದ್ಧಿ ಎಲ್ಲಿ ಹೋಗಿತ್ತು!

“ಉಮ್ಮಾ, ಮಗು ಯಾರದ್ದು?”

“ನನ್ನದ್ದು. ತವುಡು ಕೊಟ್ಟಿದ್ದೇನಲ್ಲ,” ಎಂದು ಉಮ್ಮ ನಕ್ಕರು.

“ಹಾಗಾದ್ರೆ ಹೆಸರಿಡಬೇಕಾದ್ದು ಯಾರು?”

ಉಮ್ಮನ ನಗು ನಿಂತಿತು. ಅವರು ದಡ್ಡರಲ್ಲ. “ಬೇಡ ಮಗಳೇ. ನಿನ್ನ ಅತ್ತೆ ನನ್ನನ್ನು ಮತ್ತೆ ಆ ಅಂಗಳಕ್ಕೆ ಹತ್ತಿಸ್ಲಿಕ್ಕಿಲ್ಲ.”

ನಾನು ಬೇಡಿಕೊಂಡೆ. ಮೊದಲ ಎರಡರ ಕಥೆ ಅವರಿಗೆ ಗೊತ್ತಿತ್ತು, ಆದರೂ ಮತ್ತೆ ಹೇಳಿದೆ. ಕಂಬ ಹಿಡಿದು ನಿಂತದ್ದು, ಬಾಯಿಗೆ ಏನೂ ಬಾರದ್ದು, ಆಸ್ಪತ್ರೆಯವರು ಕೇಳಿದ್ದು. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಉಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದರು. ಆಮೇಲೆ ಎದ್ದು, “ಸಂತೆಯಿಂದ ಕೊಂಡು ತಂದ ಆಡಿಗೂ ಹೆಸರಿಡ್ತೇವೆ ನಾವು. ಬಾ,” ಎಂದರು.

ತಿರುಗಿ ನಮ್ಮ ಅಂಗಳಕ್ಕೆ ಬಂದಾಗ ಉಮ್ಮ ಮಗುವನ್ನು ಅತ್ತೆಯ ಕೈಗೆ ಕೊಡಲಿಲ್ಲ. ನಡು ಅಂಗಳದಲ್ಲಿ ನಿಂತು ಅದರ ಕಿವಿಯ ಹತ್ತಿರ ಬಾಯಿಟ್ಟು, “ಬೊಳ್ಳಮ್ಮ!” ಎಂದು ಕೂಗಿದರು. ಮತ್ತೊಮ್ಮೆ ಕೂಗಿದರು. ಮಗು ಬೆಚ್ಚಿ ಅತ್ತಿತು.

ಅತ್ತೆ ಓಡಿ ಬಂದರು. “ಎಂತದಿದು? ಯಾರು ಹೇಳಿದ್ದು ನಿಂಗೆ ಹೆಸರಿಡ್ಲಿಕ್ಕೆ?”

“ನನ್ನ ಮಗುವಿಗೆ ಹೆಸರಿಡ್ಲಿಕ್ಕೆ ನಂಗೆ ಯಾರು ಹೇಳ್ಬೇಕು?”

“ನಿನ್ನ ಮಗುವಾ!”

“ಮತ್ತೆ ನಿನ್ನದ್ದಾ? ಹಾಗಾದ್ರೆ ಹೇಳು, ಗಟ್ಟಿಯಾಗಿ ಹೇಳು. ತವುಡು ವಾಪಾಸು ಕೊಡು.”

ಅತ್ತೆಯ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ನನ್ನದು ಎಂದರೆ ಮುಗಿಯಿತು, ಮಗು ಈ ಮನೆಯದೇ ಎಂದು ಅಂಗಳದಲ್ಲಿ ನಿಂತು ಒಪ್ಪಿಕೊಂಡ ಹಾಗೆ. ಯಾರಿಗೆ ಕೇಳಿಸಬಾರದೋ ಅವನಿಗೆ ಕೇಳಿಸಿದ ಹಾಗೆ. ನಿನ್ನದು ಎಂದರೆ ಹೆಸರನ್ನೂ ಒಪ್ಪಬೇಕು. ಅವರು ಉಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಸೆರಗಿನ ಗಂಟಿನಲ್ಲಿ ತವುಡು ಇನ್ನೂ ಇತ್ತು. ಆ ಗಂಟನ್ನು ಬಿಗಿಯಾಗಿ ಹಿಡಿದು ಒಳಗೆ ಹೋದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಅಷ್ಟು ಬೇಗ ಬಂದದ್ದು ನೋಡಿ ನನಗೇ ಹೆದರಿಕೆಯಾಯಿತು.

ಅತ್ತೆ ಆ ಹೆಸರನ್ನು ಕರೆಯಲಿಲ್ಲ. “ಏ ತವುಡೇ,” ಎನ್ನುತ್ತಿದ್ದರು. ನಾನು ಹಟ ಹಿಡಿದವಳ ಹಾಗೆ ದಿನವಿಡೀ ಕರೆಯುತ್ತಿದ್ದೆ. ಬೊಳ್ಳಮ್ಮ ಹಾಲು ಕುಡಿದಳು, ಬೊಳ್ಳಮ್ಮ ಮೀಯಲಿಕ್ಕೆ ಬಂದಳು, ಬೊಳ್ಳಮ್ಮನಿಗೆ ನಿದ್ರೆ ಬಂತು. ಗಂಡ ಮೊದಮೊದಲು ಅವ್ವ ಇಲ್ಲದಾಗ ಮಾತ್ರ ಕರೆದರು, ಆಮೇಲೆ ಅವ್ವನ ಎದುರಿಗೂ. ಕೊಯಿಲದ ಜಾನುವಾರು ಫಾರ್ಮಿಗೆ ಹೋಗಿ ಬಂದ ದಿನ, “ಅಲ್ಲಿ ದನಗಳ ಕಿವಿಗೆ ನಂಬ್ರ ಹಾಕ್ತಾರೆ. ನಂಬ್ರಕ್ಕಿಂತ ಕಲ್ಲು ಆಗ್ಬಹುದು, ಕಲ್ಲಿಗಿಂತ ಬೆಳ್ಳಿ ಆಗ್ಬಹುದು,” ಎಂದು ಮಗುವನ್ನು ಎತ್ತಿಕೊಂಡರು. ತನ್ನ ಹೆಸರಿನ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು.

ಚಳಿ ಶುರುವಾದಾಗ ಊರಿಗೆ ನಾಯಿಕೆಮ್ಮು ಬಂತು. ನಮ್ಮ ಮನೆಗೂ ಬಂತು. ಮಗು ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿತ್ತು, ಉಸಿರು ತಿರುಗಿ ಬರುವವರೆಗೆ ನನ್ನ ಉಸಿರೂ ನಿಂತಿರುತ್ತಿತ್ತು. ಅತ್ತೆ ಬಾಗಿಲಿನಲ್ಲಿ ನಿಂತು ಮಗನಿಗೆ ಹೇಳಿದರು, “ತೋಡಿನ ಆಚೆ ಹೋಗು. ಹೆಸರು ವಾಪಾಸು ತೆಗೀಲಿಕ್ಕೆ ಹೇಳು. ಈಗಲೇ ಹೋಗು.” ಗಂಡ ಎದ್ದು ನಿಂತರು. ಹೋಗಲೂ ಇಲ್ಲ, ಕೂರಲೂ ಇಲ್ಲ.

ನನಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಅತ್ತೆ ಹೇಳುವುದೇ ನಿಜವಾದರೆ? ಕೂಗಿ ಕರೆದು ನಾನೇ ತೋರಿಸಿಕೊಟ್ಟೆನಾ? ಆದರೂ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೇಳಿದೆ, “ಹೆಸರು ತೆಗೀಲಿಕ್ಕಿಲ್ಲ. ನಾಳೆ ಇವಳು ಹೋದರೂ ಬೊಳ್ಳಮ್ಮ ಆಗಿಯೇ ಹೋಗುದು. ಈ ಸರ್ತಿ ನಾನು ಹೆಸರು ಹಿಡಿದು ಕರೆದು ಅಳುವವಳೇ. ಊರಿಗೆಲ್ಲ ಕೇಳುವ ಹಾಗೆ ಅಳುವವಳೇ.”

ಅತ್ತೆ ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತರು.

ಬೆಳಿಗ್ಗೆ ಗಂಡ, ನಾನು ಬಸ್ಸು ಹಿಡಿದೆವು. ನರಿಮೊಗರು ದಾಟುವಾಗ ಮಗುವಿಗೆ ಮತ್ತೆ ಕೆಮ್ಮು ಹತ್ತಿತು, ಕಂಡಕ್ಟರು ಬಸ್ಸು ನಿಲ್ಲಿಸಿ ನೀರು ಕೊಡಿಸಿದರು. ಪುತ್ತೂರಿನ ಆಸ್ಪತ್ರೆಯಲ್ಲಿ ಅದೇ ಕಿಟಕಿ. ಕೂತವರು ಬೇರೆ. “ಮಗುವಿನ ಹೆಸರೆಂತಮ್ಮ?” ಎಂದರು. “ಬೊಳ್ಳಮ್ಮ!” ಎಂದೆ. ಎಷ್ಟು ಗಟ್ಟಿಯಾಗಿ ಎಂದರೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. “ನಂಗೆ ಕಿವಿ ಕೇಳ್ತದೆ ಮಾರಾಯ್ತಿ,” ಎಂದರು ಬರೆಯುವವರು. ಕೇಳಲಿ ಬಿಡಿ, ಎಲ್ಲರಿಗೂ ಕೇಳಲಿ ಎಂದೇ ಹೇಳಿದ್ದು.

ಅಲ್ಲಿ ಕೆಲವು ದಿನ ಉಳಿದೆವು. ಮಗು ಸೊರಗಿತು, ಆದರೆ ಹೋಗಲಿಲ್ಲ. ಮದ್ದಿನಿಂದ ಉಳಿಯಿತೋ, ತವುಡಿನಿಂದ ಉಳಿಯಿತೋ, ನನ್ನ ಅಜ್ಜಿಯ ಹೆಸರಿನಿಂದ ಉಳಿಯಿತೋ ನಾನು ಹೇಳಲಾರೆ. ಉಳಿಯಿತು. ಮನೆಗೆ ಬಂದ ಮೇಲೆ ಒಂದು ದಿನ ಅತ್ತೆ ಅದರ ಬಾಯೊಳಗೆ ಬೆರಳಿಟ್ಟು ನೋಡಿ, “ಹಲ್ಲು ಬಂದಿದೆ,” ಎಂದರು. ಅಷ್ಟೇ ಹೇಳಿ ಹಟ್ಟಿಗೆ ಹೋದರು.

ಆಮೇಲಿನ ಆಟಿ ತಿಂಗಳು, ನಡು ಮಳೆಗಾಲ. ಆಟಿಯಲ್ಲಿ ನಮ್ಮ ಮನೆಗಳಲ್ಲಿ ಸತ್ತ ಹಿರಿಯರಿಗೆ ಬಡಿಸುವುದುಂಟು. ಒಳಗಿನ ಕೋಣೆಯಲ್ಲಿ ದೀಪ ಹಚ್ಚಿ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಕಿ, ಕೋಳಿ ಸಾರು, ರೊಟ್ಟಿ ಬಡಿಸಿ, ಮನೆಯ ಹಿರಿಯರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಉಣ್ಣಲಿಕ್ಕೆ ಕರೆಯಬೇಕು. ಮಕ್ಕಳಿಗೆ ಎಲೆ ಹಾಕುವ ಕ್ರಮ ಇಲ್ಲ. ಆ ಒಂದು ದಿನ ಗಂಡನ ಹೆಸರು, ಅತ್ತೆಯ ಹೆಸರು ಹೇಳಲಿಕ್ಕೆ ಹೆಂಗಸರಿಗೂ ಅಡ್ಡಿಯಿಲ್ಲ. ಅತ್ತೆ ಮೊದಲು ಮಾವನನ್ನು ಕರೆದರು, ಮಾವನ ಅಪ್ಪನನ್ನು, ಅಮ್ಮನನ್ನು ಕರೆದರು. ಎಲ್ಲ ಮುಗಿಯಿತು. ಬಾಗಿಲು ಹಾಕಿಕೊಂಡು ಹೊರಗೆ ಬರಬೇಕು, ಅವರು ಏಳಲಿಲ್ಲ. ಉಳಿದ ಎಲೆಗಳ ತುದಿಗಳನ್ನು ಕತ್ತಿಯಲ್ಲಿ ಸಣ್ಣಗೆ ಕೊಯ್ದು ಕೆಳಗಿನ ಸಾಲಿನಲ್ಲಿ ಹಾಸತೊಡಗಿದರು.

“ಸ್ವಲ್ಪ ಹಾಲು ತಾ,” ಎಂದರು. ತಂದುಕೊಟ್ಟೆ.

“ಆ ಎರಡಕ್ಕೆ ನೀನು ಮನಸ್ಸಲ್ಲಿ ಇಟ್ಟ ಹೆಸರು ಇದ್ದೇ ಇರ್ತದಲ್ಲ. ಹೇಳು.”

“ಗಂಡಿಗೆ ಕುಶಾಲಪ್ಪ. ಹೆಣ್ಣಿಗೆ ಪೂವಕ್ಕ,” ಎಂದೆ. ನನ್ನ ಮಕ್ಕಳ ಹೆಸರಾಗಿ ಅವನ್ನು ನನ್ನ ಕಿವಿ ಕೇಳಿದ್ದು ಅದೇ ಮೊದಲು. ಅತ್ತೆ ಎಲೆಗೆ ಹಾಲು ಹನಿಸಿ ಎರಡನ್ನೂ ಕರೆದರು. ನಾನು ಗೋಡೆಗೆ ಮುಖ ಹಾಕಿ ಅತ್ತುಬಿಟ್ಟೆ. ಅಳಬೇಡ ಎಂದು ಯಾರೂ ಹೇಳಲಿಲ್ಲ.

ಅವರ ಮುಂದೆ ಇನ್ನೂ ಎಲೆಗಳಿದ್ದವು. “ಇದು ಪೊನ್ನಪ್ಪನದ್ದು,” ಎಂದರು. “ಇದು ಮುತ್ತಕ್ಕನದ್ದು. ನಾನು ಹೆತ್ತವು. ಹದಿನಾರಕ್ಕೇ ಹೆಸರಿಟ್ಟಿದ್ದೆ ನಾನೂ. ಎಲ್ಲರನ್ನೂ ಕರೆದು, ಪಾಯಸ ಮಾಡಿ.” ಚಿನ್ನ ಹೋಗಿತ್ತು, ಮುತ್ತು ಹೋಗಿತ್ತು. ಆ ಮನೆಗೆ ಬಂದು ಇಷ್ಟು ವರ್ಷವಾದರೂ ಈ ಹೆಸರುಗಳನ್ನು ನಾನು ಕೇಳಿರಲಿಲ್ಲ, ಅವರ ಮಗನೂ ಕೇಳಿರಲಿಲ್ಲ. ಅತ್ತೆ ಒಬ್ಬೊಬ್ಬರನ್ನೇ ಕರೆದು ಹಾಲು ಬಡಿಸಿದರು.

ಕೊನೆಯ ಎಲೆಯ ಮುಂದೆ ಅವರ ಕೈ ನಿಂತಿತು.

“ಇದು ನಿನ್ನ ಗಂಡನಿಗಿಂತ ಮೊದಲಿನದ್ದು. ಹೆಣ್ಣು. ಇದಕ್ಕೆ ನಾನು ಇಡ್ಲಿಲ್ಲ. ಮನಸ್ಸಲ್ಲಿಯೂ ಇಡ್ಲಿಲ್ಲ. ಅಷ್ಟು ಹೊತ್ತಿಗೆ ನಂಗೆ ಧೈರ್ಯವೇ ಇರ್ಲಿಲ್ಲ ಮಗಾ.” ಅವರು ನನ್ನತ್ತ ತಿರುಗಿದರು. “ನೀನು ಇಡು.”

ನಾನು ಅವರ ಪಕ್ಕದಲ್ಲಿ ಕೂತೆ. ಚಿನ್ನ, ಮುತ್ತು ಆದ ಮೇಲೆ ಇನ್ನೇನು ಎಂದು ಯೋಚಿಸಿದೆ. “ನೀಲಮ್ಮ,” ಎಂದೆ. “ನೀಲ ಅಂದ್ರೆ ನೀಲಿ ಹರಳು. ಉಂಗುರಕ್ಕೆ ಹಾಕುದು.”

ಅತ್ತೆ ಎಲೆಗೆ ಹಾಲು ಬಡಿಸಿದರು. ಆಮೇಲೆ ನಾನಿಟ್ಟ ಹೆಸರು ಹಿಡಿದು, ತನ್ನ ಮಗಳನ್ನು ಮೊದಲ ಸಲ ಉಣ್ಣಲಿಕ್ಕೆ ಕರೆದರು.